ಆಯಿಲ್ ಇಳಿಯದ ಇಂಜಿನ್

ಅವನನ್ನು ಎಲ್ಲರೂ ಯಾಕಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಬೇರೆ ಮೇಸ್ತ್ರಿಗಳು ಗಾಡಿಯ ಕೆಟ್ಟ ಸಾಮಾನು ಬಿಚ್ಚಿ, ಹೊಸದು ಕೂರಿಸಿ, ಹಳೆಯದನ್ನು ಗುಜರಿಗೆ ಎಸೆದು ಕೈ ತೊಳೆದುಕೊಂಡರೆ ಮುಗಿಯಿತು. ಯಾಕಪ್ಪನಿಗೆ ಕೆಲಸ ಶುರುವಾಗುತ್ತಿದ್ದುದೇ ಆಮೇಲೆ. ಸತ್ತ ಸಾಮಾನನ್ನು ಮೇಜಿನ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಅದು ಯಾಕೆ ಸತ್ತಿತೆಂದು ತಾನಾಗಿ ಬಾಯಿ ಬಿಡುವ ತನಕ ಬಿಡುತ್ತಿರಲಿಲ್ಲ.

"ಗಾಡಿ ಓಡ್ತಿದೆಯಲ್ಲ, ಸಾಕು ಬಿಡಪ್ಪ" ಎಂದು ಗಿರಾಕಿಗಳು ಗೋಗರೆಯುತ್ತಿದ್ದರು.

"ಓಡ್ತಿದೆ, ಸರಿ. ನಿಂತಿದ್ದು ಯಾಕೆ?"

ಮನೆಯಲ್ಲೂ ಇದೇ ಪಾಡು. "ಹಾಲು ಒಡೆದ್ರೆ ಇನ್ನೊಂದು ಲೀಟರ್ ತಂದ್ಕೊಡಿ ಅಂದ್ರೆ ಆಗಲ್ಲ, ಯಾಕೆ ಒಡೀತು ಅಂತ ಪಾತ್ರೆ ಮೂಸ್ತಾ ಕೂರ್ತಾರೆ" ಎಂದು ಹೆಂಡತಿ ಬಂದವರ ಮುಂದೆಲ್ಲ ದೂರುತ್ತಿದ್ದಳು. ದೂರಿನಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು ಅನ್ನಿ.

ಇಂಥ ಯಾಕಪ್ಪ ಜೀವಮಾನದಲ್ಲಿ ಒಂದೇ ಒಂದು ಸಲ ಯಾಕೆ ಎಂದು ಕೇಳದೆ ಬಿಟ್ಟ. ಕೇಳಬೇಕಾದ ಜಾಗದಲ್ಲೇ ಕೇಳಲಿಲ್ಲ.

ಅದು ಹನ್ನೊಂದು ವರ್ಷದ ಹಿಂದಿನ ಮಾತು. ಊರಿನ ಹಳೇ ಡಾಕ್ಟರ ಹತ್ತಿರ ಒಂದು ಕಾರಿತ್ತು. ಆಗಲೇ ಅದಕ್ಕೆ ನಲವತ್ತು ವರ್ಷ. ದುಂಡು ಮೂತಿ, ಬಾಗಿಲ ಹಿಡಿ ಹಿತ್ತಾಳೆಯದು, ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಸದ್ದು. ಅದರ ಇಂಜಿನ್ ಇಳಿಸಿ ಪೂರ್ತಿ ಹೊಸದು ಮಾಡಿಕೊಟ್ಟವನು ಯಾಕಪ್ಪ. ಅದನ್ನು ಓಡಿಸುತ್ತಿದ್ದವನು ಯಾಕಪ್ಪನ ಅಕ್ಕನ ಗಂಡ. ಭಾವನನ್ನು ಆ ಕೆಲಸಕ್ಕೆ ಸೇರಿಸಿದವನೂ ಯಾಕಪ್ಪನೇ. "ನಮ್ಮ ಇಂಜಿನ್, ನಮ್ಮ ಭಾವ" ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ.

ಆ ಇಂಜಿನ್ನಿನ ಬಗ್ಗೆ ಅವನಿಗಿದ್ದ ಜಂಬ ಅಷ್ಟಿಷ್ಟಲ್ಲ. ಹಳೆಯ ಇಂಜಿನ್ ಅಂದರೆ ಸ್ವಲ್ಪವಾದರೂ ಆಯಿಲ್ ಕುಡಿಯುತ್ತದೆ, ತಿಂಗಳಿಗೊಮ್ಮೆ ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿ, ಕಡಿಮೆಯಾದಷ್ಟು ಸುರಿಯಬೇಕು. ಇದು ಮಾತ್ರ ಕುಡಿಯುತ್ತಲೇ ಇರಲಿಲ್ಲ. ಯಾಕಪ್ಪ ಬೇರೆ ಗಿರಾಕಿಗಳನ್ನು ಡಾಕ್ಟರ ಶೆಡ್ಡಿಗೆ ಕರೆದುಕೊಂಡು ಹೋಗಿ, ಆಯಿಲ್ ಕಡ್ಡಿ ಎಳೆದು ತೋರಿಸುತ್ತಿದ್ದ. "ನೋಡಿ ಸ್ವಾಮಿ, ಮೂರು ತಿಂಗಳಾಯ್ತು. ಕೂದಲೆಳೆಯಷ್ಟಾದ್ರೂ ಇಳಿದಿದ್ಯಾ?" ಇಳಿದಿರುತ್ತಿರಲಿಲ್ಲ. ಬಂದವರು ತಲೆದೂಗಿ ಹೋಗುತ್ತಿದ್ದರು.

ಅದೇ ದಿನಗಳಲ್ಲಿ ಡಾಕ್ಟರಿಗೆ ಇನ್ನೊಂದು ಅನುಮಾನ ಹತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ನಿಲ್ಲುತ್ತಿಲ್ಲ. ಓಡಿದ ದಾರಿಗೂ ಖಾಲಿಯಾದ ಪೆಟ್ರೋಲಿಗೂ ತಾಳೆಯೇ ಇಲ್ಲ. ಒಂದು ಬೆಳಿಗ್ಗೆ ಅವರು ಯಾಕಪ್ಪನನ್ನು ಕರೆಸಿದರು. ಅವನು ಗಾಡಿಯ ಕೆಳಗೆ ಮಲಗಿ ಟ್ಯಾಂಕ್ ಸವರಿದ, ಪೈಪ್ ಸವರಿದ, ಪಂಪಿನ ತಳ ಸವರಿದ. ಎಲ್ಲ ಒಣ ಒಣ. ಎದ್ದು ನಿಂತು ಹೇಳಿದ: "ಸೋರ್ತಿಲ್ಲ ಸರ್. ಇಂಜಿನ್ ಹೆಚ್ಚಿಗೆ ಕುಡೀತಾನೂ ಇಲ್ಲ. ಅದಕ್ಕೆ ನಾನು ಗ್ಯಾರಂಟಿ."

"ಹಾಗಾದ್ರೆ ಪೆಟ್ರೋಲ್ ಎಲ್ಲಿ ಹೋಗ್ತಿದೆ?"

ಡಾಕ್ಟರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಭಾವನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಭಾವನದಲ್ಲ. ಅವನು ಇದ್ದಲ್ಲೇ ಇದ್ದು, "ಆಯಿಲ್ ಕಡ್ಡಿ ಒಂದು ಸಲ ಮೂಸಿ ನೋಡು. ಪೆಟ್ರೋಲ್ ವಾಸನೆ ಹೊಡೀತಿದೆ" ಎಂದ.

ಯಾಕಪ್ಪನಿಗೆ ರೇಗಿತು. ತಾನು ಮಾಡಿದ ಇಂಜಿನ್ನಿಗೆ, ಅದೂ ಡಾಕ್ಟರ ಎದುರಿಗೆ, ಒಬ್ಬ ಡ್ರೈವರ್ ಹೆಸರಿಡುವುದೇ? "ವಾಸನೆ ಕಡ್ಡೀದಲ್ಲ ಭಾವ, ನಿಮ್ಮ ಕೈಯದು" ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತು ಸಂಜೆಯೇ ಭಾವನ ಕೆಲಸ ಹೋಯಿತು. ಪೆಟ್ರೋಲ್ ಕದ್ದವನೆಂಬ ಹೆಸರು ಹೊತ್ತವನ ಕೈಗೆ ಊರಲ್ಲಿ ಇನ್ನಾರು ಕೀಲಿಕೈ ಕೊಡುತ್ತಾರೆ? ಅವನು ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟ. ಡಾಕ್ಟರಿಗೆ ಮಂಡಿನೋವು, ತಾವೇ ಓಡಿಸಲಾರರು. ಬೇರೆ ಡ್ರೈವರನ್ನೂ ಇಟ್ಟುಕೊಳ್ಳಲಿಲ್ಲ. ಗಾಡಿ ಶೆಡ್ಡಿನಲ್ಲೇ ನಿಂತಿತು. "ನೋಡಿದ್ರಾ, ಅವನು ಹೋದ ಮೇಲೆ ಒಂದು ತೊಟ್ಟು ಪೆಟ್ರೋಲ್ ಕಡಿಮೆಯಾಗಿಲ್ಲ" ಎಂದು ಜನ ಮಾತಾಡಿಕೊಂಡರು. ನಿಂತ ಗಾಡಿ ಪೆಟ್ರೋಲ್ ಯಾಕೆ ಕುಡಿಯುತ್ತದೆ ಎಂದು ಕೇಳುವಷ್ಟು ಬುದ್ಧಿ ಯಾರಿಗೂ ಇರಲಿಲ್ಲ, ಯಾಕಪ್ಪನಿಗೂ.

ಅಕ್ಕ ಮಾತ್ರ ತಮ್ಮನ ಮನೆಗೆ ಬಂದು ಹೋಗಿ ಮಾಡುತ್ತಿದ್ದಳು. ಭಾವನೂ ಯಾಕಪ್ಪನೂ ರಸ್ತೆಯಲ್ಲಿ ಎದುರಾದರೆ ಒಬ್ಬ ಈ ಬದಿ, ಇನ್ನೊಬ್ಬ ಆ ಬದಿ.

ಡಾಕ್ಟರು ತೀರಿಕೊಂಡು ಎರಡು ವರ್ಷವಾದ ಮೇಲೆ ಅವರ ಮಗಳು ವರ್ಗವಾಗಿ ಊರಿಗೆ ಬಂದಳು. ಕಾಲೇಜಿನಲ್ಲಿ ಭೂಗೋಳದ ಪಾಠ ಮಾಡುವವಳು. ಅಪ್ಪನ ಕಾರನ್ನು ಓಡುವಂತೆ ಮಾಡಬೇಕೆಂದು ಹಟ ಹಿಡಿದಳು. ಯಾಕಪ್ಪನಿಗೆ ಆ ಶೆಡ್ಡಿಗೆ ಕಾಲಿಡಲು ಮನಸ್ಸಿರಲಿಲ್ಲ. ಬೆನ್ನುನೋವೆಂದ, ಕೆಲಸ ಜಾಸ್ತಿಯೆಂದ, ಕಣ್ಣು ಮಂಜು ಎಂದ. "ಆ ಇಂಜಿನ್ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮೇಸ್ತ್ರಿ?" ಎಂದು ಅವಳು ಕೇಳಿದ್ದೇ ತಡ, ಕಣ್ಣಿನ ಮಂಜು ಬೆನ್ನಿನ ನೋವು ಎಲ್ಲ ಹೋಯಿತು. ಹೊಗಳಿಕೆಗೆ ಕರಗದ ಮೇಸ್ತ್ರಿಯನ್ನು ನಾನಂತೂ ಕಂಡಿಲ್ಲ.

ಟ್ಯಾಂಕ್ ತೊಳೆದದ್ದಾಯಿತು, ಬ್ಯಾಟರಿ ಹೊಸದು ಬಂತು, ಇಂಜಿನ್ ಕೈಯಲ್ಲಿ ತಿರುಗಿಸಿದರೆ ಹಗುರಾಗಿ ತಿರುಗಿತು. ಆದರೆ ಪೆಟ್ರೋಲ್ ಮೇಲೇರಲಿಲ್ಲ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಇಂಜಿನ್ನಿಗೆ ಕೊಡುವ ಪಂಪ್ ಕೈಕೊಟ್ಟಿತ್ತು. ಹಳೇ ಕಾಲದ ಪಂಪ್ ಅದು, ಇಂಜಿನ್ನಿನ ಪಕ್ಕೆಗೆ ಎರಡು ಬೋಲ್ಟಿನಲ್ಲಿ ಕಚ್ಚಿಕೊಂಡಿರುತ್ತದೆ. ಇಂಜಿನ್ ತಿರುಗಿದಂತೆಲ್ಲ ಒಳಗಿನ ಒಂದು ಉಬ್ಬು ಪಂಪಿನ ಲಿವರನ್ನು ಒತ್ತುತ್ತದೆ. ಲಿವರ್ ಒಂದು ಸರಳನ್ನು ಎಳೆಯುತ್ತದೆ. ಸರಳು ರಬ್ಬರ್ ಬಳಿದ ದಪ್ಪ ಬಟ್ಟೆಯೊಂದನ್ನು ಕೆಳಗೆ ಎಳೆಯುತ್ತದೆ, ಸ್ಪ್ರಿಂಗ್ ಮೇಲೆ ತಳ್ಳುತ್ತದೆ. ಆ ಬಟ್ಟೆ ಮೇಲೆ ಕೆಳಗೆ ಆಡುವುದರಲ್ಲೇ ಪೆಟ್ರೋಲಿನ ಪ್ರಯಾಣ. ಇಷ್ಟೇ ಅದರ ವಿದ್ಯೆ.

ಹೊಸ ಪಂಪ್ ಪೆಟ್ಟಿಗೆಯಲ್ಲಿ ಬಂದ ದಿನ ಡಾಕ್ಟರ ಮಗಳು ರಜೆ ಹಾಕಿ, ಶೆಡ್ಡಿನಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತಳು. ಅವಳೂ ಪ್ರಶ್ನೆ ಕೇಳುವ ಪೈಕಿಯೇ. ಪೈಪ್ ಬಿಚ್ಚಿದ ಕೂಡಲೇ ಅದರ ಬಾಯಿಗೆ ಚಿಂದಿ ಯಾಕೆ ತುರುಕಿದ್ದು? ಕಸ ಹೋಗಬಾರದಲ್ಲ ಮೇಡಂ. ಬೋಲ್ಟ್ ಬಿಚ್ಚುವ ಮುಂಚೆ ಇಂಜಿನ್ ಯಾಕೆ ತಿರುಗಿಸಿದ್ದು? ಒಳಗಿನ ಉಬ್ಬು ಆ ಕಡೆ ಹೋಗಲಿ ಅಂತ, ಇಲ್ಲದಿದ್ದರೆ ಸ್ಪ್ರಿಂಗ್ ಜೊತೆ ಕುಸ್ತಿಯಾಡಬೇಕು. ಯಾಕಪ್ಪನಿಗೆ ಖುಷಿಯೋ ಖುಷಿ. ಜೀವಮಾನವೆಲ್ಲ ಯಾಕೆ ಎಂದು ಕೇಳಿದವನಿಗೆ ಯಾಕೆ ಎಂದು ಕೇಳುವವರೊಬ್ಬರು ಸಿಕ್ಕಿದ್ದರು.

ಹಳೆಯ ಪಂಪ್ ಹೊರಬಂತು. ಅಂಟಿಕೊಂಡಿದ್ದ ಹಳೆಯ ಪ್ಯಾಕಿಂಗ್ ಕಾಗದವನ್ನು ಅವನು ಬ್ಲೇಡಿನಿಂದ ಉಗುರಿನಷ್ಟೂ ಬಿಡದೆ ಕೆರೆದ. ಹೊಸ ಪ್ಯಾಕಿಂಗ್ ಇಟ್ಟ, ಹೊಸ ಪಂಪಿನ ಲಿವರಿಗೆ ಎರಡು ಹನಿ ಆಯಿಲ್ ಸವರಿದ. ಲಿವರನ್ನು ಓರೆಯಾಗಿ ಒಳಗೆ ಬಿಟ್ಟು, ಅದು ಉಬ್ಬಿನ ಸರಿಯಾದ ಮಗ್ಗುಲಿಗೆ ಕೂತಿತೇ ಎಂದು ಕಣ್ಣು ಮುಚ್ಚಿ ಕೈಯಲ್ಲೇ ನೋಡಿದ. "ತಪ್ಪು ಮಗ್ಗುಲಿಗೆ ಕೂತ್ರೆ ಮೊದಲ ಸುತ್ತಿಗೇ ಲಟಕ್ ಅಂತ ಮುರಿಯುತ್ತೆ ಮೇಡಂ. ನಾವು ಒತ್ತಿದ್ರೆ ಅದೂ ಹೀಗೆ ಮೆತ್ತಗೆ ವಾಪಸ್ ಒತ್ತಬೇಕು. ಮುಟ್ಟಿ ನೋಡಿ." ಅವಳು ಮುಟ್ಟಿ ನೋಡಿದಳು. ಎರಡು ಬೋಲ್ಟನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಮಾಡಿ, ಪೈಪ್ ಜೋಡಿಸಿದ.

"ಇನ್ನು ಸ್ಟಾರ್ಟ್ ಮಾಡಲಾ?"

"ಅವಸರ ಮಾಡ್ಬೇಡಿ. ಹಳೇ ಆಯಿಲ್ ಇಳಿಸಿ ಹೊಸದು ಹಾಕೋಣ. ಹನ್ನೊಂದು ವರ್ಷದ್ದು ಅದು."

ತಳದ ಬಿರಡೆ ಬಿಚ್ಚಿ ತಟ್ಟೆ ಹಿಡಿದ. ಹಳೆಯ ಆಯಿಲ್ ಕಾಕಂಬಿಯಂತೆ ದಪ್ಪಗೆ ಇಳಿಯಬೇಕು. ಇದು ಕಾಫಿ ಸುರಿದಂತೆ ಸುರಿಯಿತು. ನಾಲ್ಕು ಲೀಟರ್ ಹಿಡಿಯುವ ಇಂಜಿನ್ನಿನಿಂದ ಐದು ಲೀಟರಿನ ತಟ್ಟೆ ತುಂಬಿ, ಅಂಚು ಮುಟ್ಟಿ, ನೆಲಕ್ಕೂ ಚೂರು ಚೆಲ್ಲಿತು. ಯಾಕಪ್ಪ ಬೆರಳು ಅದ್ದಿ ಮೂಸಿದ. ಹುಳಿ ಹುಳಿಯಾದ, ಹಳಸಿದ ಪೆಟ್ರೋಲ್ ವಾಸನೆ. ಇನ್ನೊಮ್ಮೆ ಅದ್ದಿ ಮೂಸಿದ.

"ಏನಾಯ್ತು ಮೇಸ್ತ್ರಿ?"

"ಏನಿಲ್ಲ."

ನಿಂತೂ ನಿಂತೂ ಪಂಪಿನ ರಬ್ಬರ್ ಒಣಗಿರುತ್ತದೆ, ಬಿರುಕು ಬಿಟ್ಟಿರುತ್ತದೆ, ಅದರಿಂದ ಈಚೆಗೆ ಒಂದಷ್ಟು ಇಳಿದಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಅವಸರವಸರವಾಗಿ ಹೊಸ ಆಯಿಲ್ ಸುರಿದ. ಪಂಪಿನ ಪಕ್ಕದ ಪುಟ್ಟ ಕೈಲಿವರನ್ನು ಹತ್ತಿಪ್ಪತ್ತು ಸಲ ಒತ್ತಿದಾಗ ಮೇಲಿನ ಗಾಜಿನ ಬಟ್ಟಲಿಗೆ ಪೆಟ್ರೋಲ್ ಬುಳಬುಳನೆ ಏರಿತು. ಡಾಕ್ಟರ ಮಗಳು ಕೀಲಿ ತಿರುಗಿಸಿದಳು. ಇಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿದುಕೊಂಡಿತು. ಹನ್ನೊಂದು ವರ್ಷದ ಧೂಳು ಹೊಗೆಯ ಜೊತೆ ಹಿಂದಿನಿಂದ ಎದ್ದಿತು. ಅವಳು ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಬೇರೆ ಮೇಸ್ತ್ರಿಯಾಗಿದ್ದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ಅವತ್ತು ಯಾಕಪ್ಪನಿಗೂ ಮುಗಿದರೆ ಸಾಕಾಗಿತ್ತು. ಒಣಗಿದ ರಬ್ಬರ್ ಎಂದುಕೊಂಡು ಹಳೆಯದನ್ನು ಗುಜರಿಗೆ ಎಸೆದಿದ್ದರೆ ಹನ್ನೊಂದು ವರ್ಷದ ಹಿಂದೆ ಆಡಿದ ಮಾತು ಹಾಗೇ ನಿಲ್ಲುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಕೈ ಆಗಲೇ ಸ್ಕ್ರೂ ಡ್ರೈವರ್ ಹುಡುಕುತ್ತಿತ್ತು.

ಹಳೆಯ ಪಂಪಿನ ಮೇಲಿನ ಮುಚ್ಚಳ ಬಿಚ್ಚಿ, ಒಳಗಿನ ಬಟ್ಟೆಯನ್ನು ಬೆಳಕಿಗೆ ಹಿಡಿದ. ಅಂಚುಗಳಲ್ಲಿ ಸಣ್ಣ ಸಣ್ಣ ಬಿರುಕು ಇದ್ದವು ನಿಜ. ಅವು ಒಣಗಿದ್ದರಿಂದ ಬಂದವು, ಸರಿ. ಆದರೆ ನಡುವೆ, ಸರಳು ತೂರುವ ಜಾಗದಲ್ಲಿ, ಉಗುರಿನ ಆಕಾರದ ಒಂದು ಸೀಳು. ಅದರ ಅಂಚು ಹರಿದದ್ದಲ್ಲ, ಸವೆದದ್ದು. ಉಜ್ಜಿ ಉಜ್ಜಿ ನುಣುಪಾಗಿ, ಎಳೆ ಎದ್ದು, ಆಯಿಲ್ ಹೀರಿ ಕಪ್ಪಾಗಿತ್ತು. ಲಿವರಿನ ಮೊಳೆ ಸವೆದು, ಸರಳು ವಾಲಿಕೊಂಡು ಎಳೆದು, ದಿನಾ ಒಂದೊಂದು ಚೂರು ತಿಂದಿತ್ತು. ನಿಂತ ಗಾಡಿ ಒಣಗುತ್ತದೆ, ತುಕ್ಕು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ. ಸವೆಯುವುದಿಲ್ಲ. ಸವೆಯಬೇಕಾದರೆ ಓಡಬೇಕು. ಅಂದರೆ ಈ ಸೀಳು ಓಡುವ ಕಾಲದ್ದು, ಭಾವನ ಕಾಲದ್ದು.

ಆದರೂ ಒಂದು ಎಳೆ ಉಳಿದಿತ್ತು. ಬಟ್ಟೆ ಸೀಳಿದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಲೇಬೇಕು. ಅವತ್ತು ತಾನೇ ಕೈಯಾರೆ ತಳ ಸವರಿದ್ದೆನಲ್ಲ, ಒಣಗಿತ್ತಲ್ಲ? ಯಾಕೆ?

ಡಾಕ್ಟರ ಮಗಳು ಪಕ್ಕಕ್ಕೆ ಬಂದು ಕೂತಿದ್ದಳು. ಒಮ್ಮೆ ಇಂಜಿನ್ನಿನ ಮೇಲಿನ ಹೊಸ ಪಂಪನ್ನು ಬಗ್ಗಿ ನೋಡಿದಳು, ಒಮ್ಮೆ ಅವನ ಕೈಯಲ್ಲಿದ್ದುದನ್ನು ನೋಡಿದಳು. "ಮೇಸ್ತ್ರಿ, ಹೊಸದರ ಹೊಟ್ಟೆ ಹತ್ರ ಒಂದು ಸಣ್ಣ ತೂತಿದೆ. ಇದರಲ್ಲಿ ಇಲ್ವಲ್ಲ?"

"ಅದು ಬೇರೆ ಮಾಡೆಲ್ ಇರ್ಬೇಕು" ಎಂದ ಯಾಕಪ್ಪ.

ಬಾಯಿ ಸುಳ್ಳು ಹೇಳಿತು. ಹೆಬ್ಬೆರಳು ಆಗಲೇ ಆ ಜಾಗದಲ್ಲಿತ್ತು. ಬೆರಳಿಗೆ ಏನೂ ಸಿಗಲಿಲ್ಲ, ಅಷ್ಟು ನುಣುಪು. ಬ್ಲೇಡಿನಿಂದ ಕೆರೆದ. ಬೂದು ಲೋಹದ ನಡುವೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ತಾಮ್ರದ ಕೆಂಪು ಹೊಳೆಯಿತು.

ಆಗ ನೆನಪಾಯಿತು. ಡಾಕ್ಟರು ಶೆಡ್ಡಿಗೆ ಹೊಸ ನೆಲ ಹಾಕಿಸಿದ್ದರು. ಕನ್ನಡಿಯಂಥ ನೆಲ. ಗಾಡಿಯ ಕೆಳಗೆ ದಿನಾ ಬೆಳಿಗ್ಗೆ ಒಂದು ಹನಿ ಆಯಿಲ್ ಬೀಳುತ್ತಿತ್ತು. "ನನ್ನ ನೆಲ ಹಾಳಾಗ್ತಿದೆ ಮೇಸ್ತ್ರಿ" ಎಂದು ಅವರು ಗೊಣಗಿದ್ದರು. ಹನಿ ಬೀಳುತ್ತಿದ್ದುದು ಪಂಪಿನ ಹೊಟ್ಟೆಯ ಆ ತೂತಿನಿಂದ. ಯಾಕಪ್ಪ ತಾಮ್ರದ ತಂತಿಯ ಒಂದು ತುಣುಕನ್ನು ಅದಕ್ಕೆ ಹೊಡೆದು, ಅರದಿಂದ ಸಮಮಾಡಿ, ಬೆರಳಾಡಿಸಿದರೂ ಗೊತ್ತಾಗದಂತೆ ಉಜ್ಜಿದ್ದ. ಐದು ನಿಮಿಷದ ಕೆಲಸ. ಡಾಕ್ಟರು ಬೆನ್ನು ತಟ್ಟಿದ್ದರು. ಅವನು ಮರೆತೂಬಿಟ್ಟಿದ್ದ. ಆ ತೂತು ಇರುವುದೇ ಒಳಗೆ ಏನು ಕೆಟ್ಟಿದೆಯೆಂದು ಹೊರಗೆ ಹೇಳಲಿಕ್ಕೆ. ಅದನ್ನು ಮುಚ್ಚಿದ ಮೇಲೆ ಪೆಟ್ರೋಲಿಗೆ ಬೇರೆ ದಾರಿಯಿಲ್ಲ. ನೇರ ಇಂಜಿನ್ನಿನ ಹೊಟ್ಟೆಗೆ ಇಳಿದು ಆಯಿಲಿನ ಜೊತೆ ಸೇರಿತ್ತು. ಇಂಜಿನ್ ಎಲ್ಲ ಇಂಜಿನ್ನುಗಳಂತೆ ಆಯಿಲ್ ಕುಡಿದಿತ್ತು. ಕುಡಿದ ಜಾಗವನ್ನು ಪೆಟ್ರೋಲ್ ತುಂಬಿತ್ತು, ಕೊನೆಕೊನೆಗೆ ಅಳತೆ ಮೀರಿಯೂ ತುಂಬಿತ್ತು. ಊರಿಗೆಲ್ಲ ಎಳೆದು ತೋರಿಸಿದ ಕಡ್ಡಿಯಲ್ಲಿ ಇಳಿಯದೆ ನಿಂತಿದ್ದುದು ಅವನ ಕೈಚಳಕವಲ್ಲ, ಭಾವನ ಮೇಲೆ ಹೊರಿಸಿದ ಪೆಟ್ರೋಲ್.

ಯಾಕಪ್ಪ ಪಂಪನ್ನು ಚಿಂದಿಯಲ್ಲಿ ಸುತ್ತಿದ. "ಇದನ್ನ ನಾನು ತಗೊಂಡು ಹೋಗ್ಲಾ ಮೇಡಂ?"

"ಹಳೇ ಸಾಮಾನು ತಾನೆ, ಏನ್ ಮಾಡ್ತೀರಿ?"

"ಒಬ್ಬರಿಗೆ ತೋರಿಸ್ಬೇಕು. ನಿಮ್ಮ ತಂದೆ ಹತ್ರ ಇದ್ದ ಡ್ರೈವರ್‌ಗೆ."

"ಪೆಟ್ರೋಲ್ ಕದೀತಿದ್ದನಂತಲ್ಲ, ಅವನಿಗಾ?"

"ಕದ್ದಿರಲಿಲ್ಲ ಮೇಡಂ" ಎಂದ ಯಾಕಪ್ಪ. "ನಾನು ತಪ್ಪು ಹೇಳಿದ್ದೆ." ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಇನ್ನು ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಕೈ ಕೂಡ ತೊಳೆಯದೆ ಹೊರಟ.

ಇಸ್ತ್ರಿ ಅಂಗಡಿಯಲ್ಲಿ ಮಧ್ಯಾಹ್ನದ ಬಿಸಿಲು ಅರ್ಧ ಮೇಜಿನ ತನಕ ಬಂದಿತ್ತು. ಭಾವ ಅಂಗಿಯ ಕಾಲರ್ ಒತ್ತುತ್ತಿದ್ದ. ಹಿಂದೆ ಅಕ್ಕ ಬಟ್ಟೆ ಮಡಚಿ ಗಂಟು ಕಟ್ಟುತ್ತಿದ್ದಳು. "ತಮ್ಮಾ! ಏನೋ ಇದು, ಈ ಹೊತ್ತಲ್ಲಿ?" ಎಂದು ಅವಳು ಗಾಬರಿಯಾದಳು. ಭಾವ ಇರುವಾಗ ಅವನು ಆ ಹೊಸಿಲು ತುಳಿದವನೇ ಅಲ್ಲ.

ಯಾಕಪ್ಪ ಚಿಂದಿಯ ಗಂಟನ್ನು ಮೇಜಿನ ಮೇಲಿಟ್ಟ.

"ಬಿಳಿ ಅಂಗಿ ಇದೆ. ಈಚೆ ಇಡು" ಎಂದ ಭಾವ. ಹನ್ನೊಂದು ವರ್ಷದಲ್ಲಿ ಅವನು ಯಾಕಪ್ಪನ ಜೊತೆ ಆಡಿದ ಮೊದಲ ಮಾತು ಅದು.

ಯಾಕಪ್ಪ ಈಚೆ ಇಟ್ಟು, ಪಂಪ್ ಬಿಚ್ಚಿ, ಸೀಳು ತೋರಿಸಿದ, ತಾಮ್ರ ತೋರಿಸಿದ. "ಪೆಟ್ರೋಲ್ ಎಲ್ಲೂ ಹೋಗಿರಲಿಲ್ಲ ಭಾವ. ಇಲ್ಲಿಂದ ಇಂಜಿನ್ ಒಳಗೇ ಇಳೀತಿತ್ತು. ಹೊರಗೆ ಬೀಳೋ ದಾರಿನ ನಾನೇ ಮುಚ್ಚಿದ್ದೆ. ಕಡ್ಡಿ ವಾಸನೆ ಹೊಡೀತಿದೆ ಅಂದ್ರಲ್ಲ, ಅದು ನಿಜ. ನನ್ನ ಜಂಬಕ್ಕೆ ನಾನು ಮೂಸಿ ನೋಡ್ಲಿಲ್ಲ. ತಪ್ಪು ನಂದು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಭಾವ ಬೈಯಲಿಲ್ಲ. ಬೈದಿದ್ದರೆ ಯಾಕಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪಂಪನ್ನು ಕೈಗೆತ್ತಿಕೊಂಡು, ಸೀಳಿನಲ್ಲಿ ಉಗುರು ತೂರಿಸಿದ.

"ಇಷ್ಟೇನಾ?"

"ಇಷ್ಟೇ."

"ನಾನು ಏನೇನೋ ಅಂದ್ಕೊಂಡಿದ್ದೆ. ಯಾರೋ ಪೈಪ್ ಹಾಕಿ ಎಳೀತಾರೆ ಅಂತ ಎರಡು ರಾತ್ರಿ ಶೆಡ್ಡಲ್ಲೇ ಮಲಗಿ ಕಾದೆ." ಪಂಪನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟ. "ನಂಗೇನು ಹೇಳ್ತೀಯ? ನಾನು ಕದ್ದಿಲ್ಲ ಅನ್ನೋದು ನಂಗೆ ಗೊತ್ತಿದ್ದಿದ್ದೇ. ಅವಳಿಗೆ ಹೇಳು."

"ಅಕ್ಕನಿಗಾ? ಅಕ್ಕನಿಗೆ ಯಾಕೆ?"

ಯಾಕಪ್ಪ ತಿರುಗಿ ನೋಡಿದ. ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

"ನೀವು ತೆಗೆದಿರ್ಲಿಲ್ವಾ?" ಎಂದಳು.

"ಇಲ್ಲ."

"ಮತ್ತೆ, ಆಗಿದ್ದಾಯ್ತು, ಮಕ್ಕಳ ಮುಖ ನೋಡಿ ಮರ್ತುಬಿಟ್ಟಿದ್ದೀನಿ ಅಂತ ನಾನು ಅಂದಾಗ ಸುಮ್ಮನಿದ್ರಲ್ಲ?"

"ಮೂರು ದಿನ ಹೇಳಿದ್ನಲ್ಲ, ತೆಗೆದಿಲ್ಲ ಅಂತ. ನನ್ನ ತಮ್ಮ ಇಂಜಿನ್ ವಿಷಯದಲ್ಲಿ ತಪ್ಪು ಹೇಳಲ್ಲ ಅಂದೆ ನೀನು. ಮೂರು ದಿನ ಈ ಮನೇಲಿ ಯಾರೂ ಸರಿಯಾಗಿ ಉಂಡಿರಲಿಲ್ಲ. ನಾಲ್ಕನೇ ದಿನ ಕ್ಷಮಿಸ್ತೀನಿ ಅಂದೆ. ಆಗ್ಲಿ ಅಂತ ನಿನ್ನ ಕ್ಷಮೆ ತಗೊಂಡೆ."

ಒಂದು ಕೆಲಸ ಕಳೆದೆ, ಒಂದು ಹೆಸರು ಕೆಡಿಸಿದೆ ಎಂದಷ್ಟೇ ಯಾಕಪ್ಪ ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದ. ಈ ಮನೆಯೊಳಗೆ, ಗಂಡ ಹೆಂಡಿರ ನಡುವೆ, ತನ್ನ ಮಾತು ಇಷ್ಟು ವರ್ಷ ಕೂತಿತ್ತೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಹನ್ನೊಂದು ವರ್ಷ ನಿಮ್ಮನ್ನ ಕ್ಷಮಿಸ್ಕೊಂಡು ಬಂದೆನಲ್ರೀ" ಎಂದಳು ಅಕ್ಕ. "ದೊಡ್ಡ ಮನಸ್ಸು ನಂದು ಅಂದ್ಕೊಂಡು." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಭಾವ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ, ಬಿಸಿಯಿದೆಯೇ ಎಂದು ಒದ್ದೆ ಬೆರಳಲ್ಲಿ ಮುಟ್ಟಿ ನೋಡಿದ.

"ಇನ್ಮೇಲೆ ನಾನು ನಿನ್ನನ್ನ ಕ್ಷಮಿಸ್ಬೇಕು ಅನ್ಸತ್ತೆ" ಎಂದ. "ನಂಗೆ ಅದು ಅಭ್ಯಾಸ ಇಲ್ಲ ಕಣೇ. ಸ್ವಲ್ಪ ದಿನ ಕೊಡು."

ಅವನು ಕಾಲರಿನ ಉಳಿದರ್ಧ ಒತ್ತತೊಡಗಿದ. ಅಕ್ಕ ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಯಾಕಪ್ಪನಿಗೆ ಯಾರೂ ಕೂತ್ಕೋ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವನು ನಿಂತೇ ಇದ್ದ.